ಶುದ್ಧ, ಸ್ವಚ್ಛ, ತಿಳಿ, ಮಡಿ, ಅಪ್ಪಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಡು ತಿದ್ದುವುದು ನನ್ನ ಕೆಲಸ. ಮೇಜಿಗೆ ಬರುವ ಬರಹಗಳಲ್ಲಿ ಈಚೆಗೆ ಎರಡೇ ಪದಗಳು ಇಡೀ ಮನೆಯ ಕೆಲಸವನ್ನು ಹೊತ್ತುಕೊಂಡಿರುವುದನ್ನು ಕಾಣುತ್ತಿದ್ದೇನೆ: ‘ಸ್ವಚ್ಛ’ ಮತ್ತು ‘ಶುದ್ಧ’. ಅಕ್ಕಿಯೂ ಸ್ವಚ್ಛ, ಆಕಾಶವೂ ಸ್ವಚ್ಛ, ಆಡಳಿತವೂ ಸ್ವಚ್ಛ. ಆದರೆ ಕನ್ನಡದಲ್ಲಿ ಕೊಳೆಯ ಒಂದೊಂದು ಬಗೆಗೂ ಒಂದೊಂದು ಹೆಸರಿದೆ. ಅದನ್ನು ಕಳೆಯುವ ಕೆಲಸಕ್ಕೆ ಬೇರೆ ಪದ, ಕಳೆದ ಮೇಲೆ ಉಳಿಯುವ ಸ್ಥಿತಿಗೆ ಮತ್ತೊಂದು ಪದ. ಇಷ್ಟು ಸಂಪತ್ತು ಇಟ್ಟುಕೊಂಡು ಎರಡೇ ಪದಗಳಲ್ಲಿ ಬದುಕುವುದು ನನಗೆ ಸಂಕಟದ ಸಂಗತಿ. ಅನುವಾದಕರು, ಶಿಕ್ಷಕರು, ವರದಿಗಾರರು, ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ತಂದೆತಾಯಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಸ್ವಚ್ಛ, ಶುಚಿ, ಶುದ್ಧ, ನಿರ್ಮಲ: ಇವೆಲ್ಲ ಒಂದೇ ಅಲ್ಲವೇ?

ನಿಘಂಟಿನಲ್ಲಿ ಅಕ್ಕಪಕ್ಕ ಕೂತಿವೆ, ಬಳಕೆಯಲ್ಲಿ ದೂರ ದೂರ ಇವೆ. ಮೇಲೆ ಅಂಟಿದ ಕೊಳೆ ಇಲ್ಲದ್ದು ಸ್ವಚ್ಛ. ಒಳಗೆ ಬೇರೇನೂ ಬೆರೆಯದ್ದು ಶುದ್ಧ. ತೊಳೆದಿಟ್ಟ ಸ್ಟೀಲ್ ಲೋಟ ಸ್ವಚ್ಛವಾಗಿರುತ್ತದೆ, ಅದಕ್ಕೆ ಸುರಿದ ಹಾಲಿಗೆ ನೀರು ಬೆರೆಸದಿದ್ದರೆ ಹಾಲು ಶುದ್ಧ, ಕಾಯಿಸಿ ಕೊಟ್ಟವರ ಅಭ್ಯಾಸ ಶುಚಿ. ಫಳಫಳ ಹೊಳೆಯುವ ಲೋಟದಲ್ಲಿ ಕಲಬೆರಕೆ ಹಾಲು ಇರಬಹುದು. ಅಪ್ಪಟ ಹಾಲು ಕೊಳಕು ಲೋಟದಲ್ಲಿ ಇರಬಹುದು. ಎರಡು ಪದಗಳನ್ನು ಅದಲು ಬದಲು ಮಾಡಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

‘ಶುಚಿ’ ಅಡುಗೆಮನೆಗೂ ಮೈಕೈಗೂ ಹತ್ತಿರದ ಮಾತು. ಹೋಟೆಲಿನ ಫಲಕದಲ್ಲಿ ‘ಶುಚಿ-ರುಚಿ’ ಎಂದು ಬರೆಯುತ್ತಾರೆಯೇ ಹೊರತು ‘ಸ್ವಚ್ಛ-ರುಚಿ’ ಎಂದಲ್ಲ. ‘ನಿರ್ಮಲ’ ಎಂದರೆ ಮಲ ಇಲ್ಲದ್ದು. ಇದು ನೀರಿಗೆ, ಆಕಾಶಕ್ಕೆ, ಮನಸ್ಸಿಗೆ, ನಗುವಿಗೆ ಚೆನ್ನಾಗಿ ಒಗ್ಗುತ್ತದೆ. ನಿರ್ಮಲವಾದ ಬಚ್ಚಲು ಎಂದರೆ ಕಿವಿಗೆ ಒಡೆದು ಕೇಳಿಸುತ್ತದೆ. ಅದರ ಭಾವನಾಮವಾದ ‘ನೈರ್ಮಲ್ಯ’ ಮಾತ್ರ ಸರ್ಕಾರಿ ಕಡತಗಳ ದಾರಿಯಲ್ಲಿ ಚರಂಡಿ, ಶೌಚಾಲಯಗಳ ಮಾತಾಗಿ ನೆಲೆಗೊಂಡಿದೆ.

‘ಸ್ವಚ್ಛ’ ಇಷ್ಟು ಹರಡಿದ್ದು ಯಾವಾಗಿನಿಂದ?

ಪದ ಹಳೆಯದು. ಸು ಮತ್ತು ಅಚ್ಛ ಸೇರಿ ಆದದ್ದು. ಸಂಸ್ಕೃತದಲ್ಲಿ ‘ಅಚ್ಛ’ ಎಂದರೆ ಆರಪಾರ ಕಾಣುವಂಥದ್ದು. ಆದ್ದರಿಂದ ಮೂಲದಲ್ಲಿ ಇದು ನೀರಿಗೆ, ಸ್ಫಟಿಕಕ್ಕೆ ಸಲ್ಲುವ ಪದ. ಬೀದಿಗೆ, ಊರಿಗೆ, ನಗರಕ್ಕೆ ಇದು ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ಅಭಿಯಾನಗಳು ದೊಡ್ಡ ಕಾರಣ. 2012ರಲ್ಲಿ ಕೇಂದ್ರದ ಗ್ರಾಮೀಣ ನೈರ್ಮಲ್ಯ ಯೋಜನೆಗೆ ‘ನಿರ್ಮಲ ಭಾರತ ಅಭಿಯಾನ’ ಎಂಬ ಹೆಸರಿತ್ತು. 2014ರ ಅಕ್ಟೋಬರ್ 2ರಂದು ‘ಸ್ವಚ್ಛ ಭಾರತ ಅಭಿಯಾನ’ ಆರಂಭವಾಯಿತು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ, ಅಂದರೆ ನಗರಗಳ ಸ್ವಚ್ಛತೆಯ ಸಮೀಕ್ಷೆಯಲ್ಲಿ, ಮೈಸೂರು ಮೊದಲ ಸ್ಥಾನ ಪಡೆದಾಗ ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಈ ಪದ ಕುಣಿದಾಡಿತು. ಗೋಡೆಬರಹ, ಕಸದ ಗಾಡಿಯ ಹಾಡು, ಶಾಲೆಯ ಪ್ರಬಂಧ ಎಲ್ಲ ಕಡೆ ಈಗ ಅದೇ. ಊರಿನ ಮಟ್ಟಿಗೆ ಪದ ಸರಿಯಾಗಿಯೇ ಇದೆ. ಮನೆಯೊಳಗಿನ ಪದಗಳನ್ನು ಅದು ಹೊರಗೆ ತಳ್ಳಬಾರದು ಎಂಬುದಷ್ಟೇ ನನ್ನ ಬೇಡಿಕೆ.

ನೀರಿನ ಬಗ್ಗೆ ಬರೆಯುವಾಗ ಯಾವ ಪದ? ತಿಳಿ, ಶುದ್ಧ, ಸ್ವಚ್ಛ, ಸಿಹಿ?

ಇಲ್ಲಿ ಪದ ತಪ್ಪಿದರೆ ಅರ್ಥದ ಜೊತೆಗೆ ಆರೋಗ್ಯವೂ ಕೆಡಬಹುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ತಿಳಿ’ ನನ್ನ ಮೆಚ್ಚಿನ ಪದ. ಕದಡಿದ ನೀರು ನಿಂತು, ಮಣ್ಣು ತಳಕ್ಕೆ ಇಳಿದು, ಮೇಲೆ ಉಳಿಯುವುದು ತಿಳಿ. ಬೇಳೆ ಬೆಂದ ಪಾತ್ರೆಯನ್ನು ಅಲುಗಿಸದೆ ಇಟ್ಟರೆ ಮೇಲೆ ನಿಲ್ಲುವ ಕಟ್ಟೂ ತಿಳಿಯೇ, ಅದರಿಂದಲೇ ತಿಳಿಸಾರು. ಜಗಳದ ನಂತರ ‘ವಾತಾವರಣ ತಿಳಿಯಾಯಿತು’ ಎನ್ನುತ್ತೇವೆ. ಅರಿವಾಗುವುದಕ್ಕೂ ಕನ್ನಡ ಇದೇ ಧಾತುವನ್ನು ಬಳಸುತ್ತದೆ: ತಿಳಿಯಿತು, ತಿಳಿಸು, ತಿಳಿವಳಿಕೆ. ತಿಳಿಯ ಎದುರಿಗೆ ಬಗ್ಗಡ, ರಾಡಿ, ಕದಡು. ತಳದಲ್ಲಿ ಉಳಿದದ್ದು ಗಸಿ, ಕಾಫಿಯದಾದರೆ ಚರಟ.

ನೀರನ್ನು ತಿಳಿಯಾಗಿಸಲು ಹಿಂದೆ ಚಿಲ್ಲದ ಬೀಜ ಬಳಸುತ್ತಿದ್ದರು. ಮಣ್ಣಿನ ಕೊಡದ ಒಳಮೈಗೆ ಬೀಜವನ್ನು ತೇಯ್ದು ಕೆರೆಯ ನೀರು ತುಂಬಿಸಿಟ್ಟರೆ, ನೀರಿನಲ್ಲಿ ತೇಲಾಡುವ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳ ಸೇರುತ್ತವೆ. ಪಟಿಕ ಹಾಕಿದಾಗ ಆಗುವುದೂ ಇದೇ. ಹೀಗೆ ಬಂದದ್ದು ತಿಳಿನೀರು. ಅದು ಶುದ್ಧ ನೀರು ಎಂದು ಹೇಳಲಾಗದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿ ನೀರನ್ನು ನೋಡಿ. ಗಾಜಿನ ಲೋಟದಲ್ಲಿ ಹಿಡಿದರೆ ಕನ್ನಡಿಯಷ್ಟು ತಿಳಿ. ಆದರೆ ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ ಸೆಡೆಯುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಅದು ಹೋಗುವುದಿಲ್ಲ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಜಾಗಕ್ಕೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದು ಹೆಸರಿಟ್ಟದ್ದು ಸರಿಯಾಗಿದೆ, ಅಲ್ಲಿ ‘ಸ್ವಚ್ಛ’ ಎಂದಿದ್ದರೆ ಮಾತು ಸಾಲುತ್ತಿರಲಿಲ್ಲ.

‘ಸಿಹಿನೀರು’ ಎಂದರೆ ಉಪ್ಪಿಲ್ಲದ ನೀರು, ಸಕ್ಕರೆಯ ಸಿಹಿಯಲ್ಲ. ಎದುರು ಪದ ಉಪ್ಪುನೀರು, ಸವಳುನೀರು. ಸೋಪು ನೊರೆ ಬಾರದ್ದು ಗಡಸುನೀರು. ವರದಿ ಬರೆಯುವವರು ಈ ಐದಾರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಓದುಗರಿಗೆ ದೊಡ್ಡ ಉಪಕಾರ.

ಅಚ್ಚ, ಅಪ್ಪಟ, ಅಸಲಿ: ಯಾವುದು ಎಲ್ಲಿ?

ಬಣ್ಣಕ್ಕೂ ಭಾಷೆಗೂ ಅಚ್ಚ: ಅಚ್ಚಬಿಳಿ, ಅಚ್ಚಹಸಿರು, ಅಚ್ಚಗನ್ನಡ. ವಸ್ತುವಿಗೂ ವ್ಯಕ್ತಿಗೂ ಅಪ್ಪಟ: ಅಪ್ಪಟ ರೇಷ್ಮೆ, ಅಪ್ಪಟ ಖಾದಿ, ಅಪ್ಪಟ ಹಳ್ಳಿಗ. ನಕಲಿಯ ಎದುರಿಗೆ ಅಸಲಿ: ಅಸಲಿ ನೋಟು, ಅಸಲಿ ದಾಖಲೆ. ಸಾಲದ ಲೆಕ್ಕದಲ್ಲಿ ‘ಅಸಲು’ ಬೇರೆ, ಅದರ ಎದುರು ಬಡ್ಡಿ.

ಒಂದು ವಿಶೇಷವನ್ನು ಗಮನಿಸಿ. ಅಪ್ಪಟ ಮತ್ತು ಶುದ್ಧ ಪದಗಳು ಕೆಟ್ಟದ್ದರ ಮುಂದೆಯೂ ಬಂದು ನಿಲ್ಲುತ್ತವೆ: ಅಪ್ಪಟ ಸುಳ್ಳು, ಶುದ್ಧ ಸೋಮಾರಿ, ಶುದ್ಧ ಅವಿವೇಕ. ಒಂದು ಚೂರೂ ಬೇರೆಯದು ಬೆರೆಯದ ಸುಳ್ಳು ಎಂಬ ಅರ್ಥದಲ್ಲಿ ಅಲ್ಲಿಯೂ ಪದ ತನ್ನ ಕೆಲಸವನ್ನೇ ಮಾಡುತ್ತಿದೆ. ‘ಸ್ವಚ್ಛ ಸುಳ್ಳು’ ಎಂದು ಯಾರೂ ಹೇಳುವುದಿಲ್ಲ. ಶುದ್ಧಕ್ಕೂ ಸ್ವಚ್ಛಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

‘ಹದಿನಾರಾಣೆ’ಯೂ ಇದೇ ಗುಂಪಿನದು. 1957ರಲ್ಲಿ ದಶಮಾಂಶ ಪದ್ಧತಿ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ಹದಿನಾರಾಣೆ ಸತ್ಯ ಎಂದರೆ ಒಂದು ಕಾಸೂ ಕಡಿಮೆಯಿಲ್ಲದ ಸತ್ಯ. ಆಣೆ ಕಣ್ಣಾರೆ ಕಾಣದ ತಲೆಮಾರಿನವರ ಬಾಯಲ್ಲಿಯೂ ಈ ಮಾತು ಉಳಿದಿರುವುದು ಸಂತೋಷ.

ಅಚ್ಚುಕಟ್ಟು, ಅಚ್ಚಳಿಯದ: ಇವು ‘ಅಚ್ಚ’ದಿಂದ ಬಂದವೇ?

ಇಲ್ಲ. ಅವುಗಳಲ್ಲಿರುವುದು ‘ಅಚ್ಚು’. ಅಚ್ಚಳಿಯದ ಎಂದರೆ ಒತ್ತಿದ ಅಚ್ಚು ಅಳಿಯದ. ಅಚ್ಚುಕಟ್ಟು ಎಂದರೆ ಓರಣ, ಒಪ್ಪ. ಜೊತೆಗೆ ಕೆರೆ ಅಥವಾ ನಾಲೆಯ ನೀರು ಉಣ್ಣುವ ಗದ್ದೆಬಯಲಿಗೂ ಅದೇ ಹೆಸರು. ಓರಣವಾಗಿರುವುದೆಲ್ಲ ಶುಚಿಯಾಗಿರಬೇಕಿಲ್ಲ ಎಂಬುದನ್ನೂ ನೆನಪಿಡಿ: ಸಾಲಾಗಿ ಜೋಡಿಸಿದ ಪುಸ್ತಕಗಳ ಮೇಲೆ ಬೆರಳುದ್ದ ಧೂಳಿರಬಹುದು.

ಚಿನ್ನದ ಮಾತಿನಲ್ಲಿ ‘ಚೊಕ್ಕ’ ಮತ್ತು ‘ಅಪರಂಜಿ’ ಎಂದರೆ ಎಷ್ಟು ಶುದ್ಧ?

ಎರಡೂ ಬೇರೆ ಲೋಹ ಬೆರೆಯದ ಚಿನ್ನಕ್ಕೆ ಹೇಳುವ ಮಾತುಗಳು, ಇಂದಿನ ಲೆಕ್ಕದಲ್ಲಿ 24 ಕ್ಯಾರೆಟ್. ಪುಟಕ್ಕಿಟ್ಟು, ಅಂದರೆ ಬೆಂಕಿಯಲ್ಲಿ ಮತ್ತೆ ಮತ್ತೆ ಕಾಯಿಸಿ ಕಲ್ಮಶ ಕಳೆದದ್ದು. ಆದರೆ ಅಪರಂಜಿಯಲ್ಲಿ ಗಟ್ಟಿಮುಟ್ಟಾದ ಒಡವೆ ಮಾಡಲಾಗದು, ಅದು ತೀರ ಮೃದು. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸಿ 22 ಕ್ಯಾರೆಟ್ ಮಾಡುತ್ತಾರೆ. ಒಡವೆಯ ಮೇಲಿನ 916 ಎಂಬ ಅಂಕಿ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಎಂದು ಹೇಳುತ್ತದೆ, 750 ಎಂದಿದ್ದರೆ 18 ಕ್ಯಾರೆಟ್. ಹಿಂದೆ ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಉಜ್ಜಿ ಗೆರೆಯ ಬಣ್ಣ ನೋಡಿ ಹೇಳುತ್ತಿದ್ದರು. ‘ಒರೆಗೆ ಹಚ್ಚು’ ಎಂಬ ಮಾತು ಅಲ್ಲಿಂದಲೇ ಬಂತು. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆಯೂ ಇರಬೇಕು.

‘ಚೊಕ್ಕ’ವನ್ನು ಚಿನ್ನಕ್ಕಷ್ಟೇ ಬಿಟ್ಟುಕೊಡಬೇಡಿ. ಚೊಕ್ಕ ಮನೆ, ಚೊಕ್ಕ ಬರವಣಿಗೆ, ಚೊಕ್ಕಟವಾದ ಅಂಗಳ: ಚಿಕ್ಕದಾಗಿ, ಅನಗತ್ಯವಾದದ್ದು ಏನೂ ಇಲ್ಲದೆ, ಕಣ್ಣಿಗೆ ಹಿತವಾಗಿ ಇರುವುದನ್ನು ಒಂದೇ ಪದದಲ್ಲಿ ಹೇಳುತ್ತದೆ.

ಮಡಿ ಎಂದರೆ ಸ್ವಚ್ಛವೇ?

ಅಲ್ಲ, ಮತ್ತು ಈ ಪ್ರಶ್ನೆಗೆ ಉತ್ತರಿಸುವಾಗ ಮೆತ್ತಗೆ ಮಾತಾಡುವುದು ನನ್ನಿಂದ ಆಗದು.

‘ಮಡಿ’ಗೆ ಹಲವು ಅರ್ಥ. ಒಗೆದ ಬಟ್ಟೆ ಎಂಬುದು ಒಂದು. ಬಟ್ಟೆ ಒಗೆಯುವವರು ಮಡಿವಾಳರಾದದ್ದು ಹಾಗೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯನವರು ಈ ಕಾಯಕದವರು. ಸಸಿ ಬೆಳೆಸುವ ಪಾತಿ ಸಸಿಮಡಿ, ಎರಡು ಪಟ್ಟು ಇಮ್ಮಡಿ, ಸಾಯುವುದಕ್ಕೂ ಮಡಿ ಎಂದೇ ಹೇಳುತ್ತೇವೆ. ಆಚರಣೆಯ ಮಡಿ ಇವೆಲ್ಲಕ್ಕಿಂತ ಬೇರೆ. ಹಿಂದಿನ ದಿನ ಒಗೆದು, ಉದ್ದ ಕೋಲಿನಿಂದ ಎತ್ತಿ ಸೂರಿನ ಹತ್ತಿರದ ಗಳುವಿನ ಮೇಲೆ ಯಾರ ಕೈಗೂ ತಾಗದಂತೆ ಹರವಿದ ಸೀರೆ ಮಡಿ. ಲಾಂಡ್ರಿಯಿಂದ ಇಸ್ತ್ರಿಯಾಗಿ ಬಂದ ಗರಿಗರಿ ಬಟ್ಟೆ ಮಡಿಯಲ್ಲ. ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡು ಒದ್ದೆಯಾಗಿ, ಅಂಚಿಗೆ ಕೆಸರು ಮೆತ್ತಿದ ಬಟ್ಟೆ ಮಡಿಯಾಗಿಯೇ ಉಳಿಯುತ್ತದೆ. ರೇಷ್ಮೆ ಮತ್ತು ಉಣ್ಣೆಗೆ ರಿಯಾಯಿತಿ ಇದೆ. ಆದ್ದರಿಂದ ಮಡಿ ಅಳೆಯುವುದು ಕೊಳೆಯನ್ನಲ್ಲ, ಯಾರು ಮುಟ್ಟಿದರು ಎಂಬುದನ್ನು.

ಈ ಅಳತೆಯನ್ನು ಮನುಷ್ಯರ ಮೇಲೆ ಹೇರಿದಾಗ ಏನಾಯಿತು ಎಂಬುದಕ್ಕೆ ಊರಾಚೆಯ ಕೇರಿಗಳು, ನಿರಾಕರಿಸಿದ ಬಾವಿಗಳು ಸಾಕ್ಷಿ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂದಿದೆ. ಬರೆಯುವವರಿಗೆ ನಾನು ಹೇಳುವುದು ಇಷ್ಟು: ಆಚರಣೆಯ ವಿವರ ಕೊಡುವಾಗ ‘ಮಡಿ’, ‘ಮೈಲಿಗೆ’ ಪದಗಳನ್ನು ಬಳಸಿ, ಅವು ಆ ಲೋಕದ ಸರಿಯಾದ ಹೆಸರುಗಳು. ಮನುಷ್ಯರಿಗೆ, ಮುಟ್ಟಾದ ಹೆಣ್ಣುಮಕ್ಕಳಿಗೆ, ಬಾಣಂತಿಗೆ ‘ಮೈಲಿಗೆ’ ಎಂಬ ವಿಶೇಷಣವನ್ನು ನಿಮ್ಮ ಮಾತಾಗಿ ಬಳಸಬೇಡಿ. ಜಾತಿಯ ಹೆಸರನ್ನೇ ಕೊಳಕಿನ ಹೆಸರಾಗಿಸಿದ ಬೈಗುಳಗಳು ಕನ್ನಡದಲ್ಲಿವೆ. ಕರಡಿನಲ್ಲಿ ಅವು ಸಿಕ್ಕಿದರೆ ನಾನು ಲೇಖಕರನ್ನು ಕೇಳಲು ಕಾಯುವುದಿಲ್ಲ, ಹೊಡೆದುಹಾಕುತ್ತೇನೆ.

‘ಮಡಿವಂತ’, ‘ಮಡಿವಂತಿಕೆ’ ಇಂದು ಹೆಚ್ಚಾಗಿ ಟೀಕೆಯ ಪದಗಳು. ವಿಮರ್ಶೆಯಲ್ಲಿ ‘ಭಾಷೆಯ ಮಡಿವಂತಿಕೆ’ ಎಂದರೆ ಹೊಸದನ್ನು ಹತ್ತಿರ ಬಿಟ್ಟುಕೊಳ್ಳದ ಬಿಗುಮಾನ.

ಎಂಜಲು, ಮುಸುರೆ: ಇವನ್ನು ಮಕ್ಕಳಿಗೆ ಹೇಗೆ ವಿವರಿಸುವುದು?

ಬಾಯಿ ತಾಗಿದ್ದು ಎಂಜಲು. ಬೇಯಿಸಿದ ಅನ್ನ, ಸಾರಿನ ಪಾತ್ರೆ ಮುಟ್ಟಿದ ಕೈ, ತೊಳೆಯದ ಊಟದ ಪಾತ್ರೆ ಮುಸುರೆ. ಕಚ್ಚಿದ ಮಾವಿನಹಣ್ಣು ಎಂಜಲು, ಅನ್ನ ಬಸಿದ ತಪ್ಪಲೆ ಮುಸುರೆ. ಎರಡರಲ್ಲೂ ಕಣ್ಣಿಗೆ ಕೊಳೆ ಕಾಣಬೇಕೆಂದಿಲ್ಲ. ಇನ್ನೊಬ್ಬರು ಕುಡಿದ ಲೋಟದಲ್ಲಿ ತೊಳೆಯದೆ ಕುಡಿಯಬಾರದು ಎಂದು ಹೇಳಲು ‘ಎಂಜಲು’ ಒಂದೇ ಪದ ಸಾಕು. ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಅಭ್ಯಾಸವನ್ನು ಹೊರದೇಶದಲ್ಲಿ ಬೆಳೆಯುವ ಮಗು ‘ಯಾಕೆ’ ಎಂದು ಕೇಳಿದಾಗ ಈ ಪದವೇ ಉತ್ತರ.

ಎಲ್ಲದಕ್ಕೂ ‘ಸ್ವಚ್ಛಗೊಳಿಸು’ ಎನ್ನಬಹುದೇ?

ಅನ್ನಬಹುದು, ಆದರೆ ಯಾಕೆ? ಬಟ್ಟೆ ಒಗೆಯುತ್ತೇವೆ, ಪಾತ್ರೆ ತಿಕ್ಕುತ್ತೇವೆ, ಹಲ್ಲು ಉಜ್ಜುತ್ತೇವೆ, ಕನ್ನಡಿ ಒರೆಸುತ್ತೇವೆ, ಕಸ ಗುಡಿಸುತ್ತೇವೆ, ನೆಲ ಸಾರಿಸುತ್ತೇವೆ, ಸೊಪ್ಪು ಸೋಸುತ್ತೇವೆ, ಕೆರೆಯ ಹೂಳು ಎತ್ತುತ್ತೇವೆ. ಹಿತ್ತಾಳೆ ತಾಮ್ರಗಳನ್ನು ಬೆಳಗುತ್ತೇವೆ: ಕಿಲುಬು ಹಿಡಿದ ಚೊಂಬಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಾಗ ಒಳಗಿನ ಕೆಂಪು ಬೆಳಕು ಹೊರಗೆ ಬರುವುದರಿಂದ ಆ ಕ್ರಿಯೆಗೆ ‘ಬೆಳಗು’ ಎಂಬ ಹೆಸರು ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಧಾನ್ಯದ ಮಾತಿಗೆ ಬಂದರೆ ಪದಗಳ ಕಣಜವೇ ಇದೆ. ಕಣದಲ್ಲಿ ಗಾಳಿಗೆ ತೂರುವುದು, ಮೊರದಲ್ಲಿ ಕೇರುವುದು, ಜರಡಿ ಹಿಡಿಯುವುದು, ಕಲ್ಲು ಆರಿಸುವುದು, ನೀರಿನಲ್ಲಿ ಜಾಲಿಸುವುದು. ಕೇರುವಾಗ ಮೊರದ ತುದಿಯಲ್ಲಿ ಹಗುರವಾದ ಹೊಟ್ಟು ಹಾರಿಹೋಗಿ, ಕಾಳು ಹಿಂದಕ್ಕೆ ಮರಳುತ್ತದೆ. ಜಾಲಿಸುವಾಗ ಪಾತ್ರೆಯನ್ನು ವಾಲಿಸಿ ತೂಗುತ್ತ ಕಾಳನ್ನು ನೀರಿನೊಡನೆ ಮತ್ತೊಂದು ಪಾತ್ರೆಗೆ ಬಿಡುತ್ತಾರೆ, ಭಾರವಾದ ಮರಳು, ಕಲ್ಲು ತಳದಲ್ಲಿ ಉಳಿಯುತ್ತವೆ. ಒಂದು ಹಗುರವಾದದ್ದನ್ನು ಕಳೆಯುತ್ತದೆ, ಇನ್ನೊಂದು ಭಾರವಾದದ್ದನ್ನು. ಉತ್ತರ ಕರ್ನಾಟಕದಲ್ಲಿ ಈ ಎಲ್ಲ ಕೆಲಸ ಮುಗಿದದ್ದಕ್ಕೆ ‘ಹಸನಾಯಿತು’ ಎನ್ನುತ್ತಾರೆ. ಕಾಳೂ ಹಸನು, ಕಳೆ ಕಿತ್ತ ಹೊಲವೂ ಹಸನು, ಚೆನ್ನಾಗಿ ನಡೆದ ಬಾಳೂ ಹಸನು. ಪ್ಯಾಕೆಟ್ ಅಕ್ಕಿ ಬಂದ ಮೇಲೆ ಮೊರ ಮೂಲೆ ಸೇರಿದೆ, ಪದಗಳನ್ನೂ ಅದರ ಜೊತೆ ಮೂಲೆಗೆ ಹಾಕಬೇಕಾಗಿಲ್ಲ.

ಕೆಡದ ಆಹಾರಕ್ಕೆ ‘ತಾಜಾ’ ಬಿಟ್ಟರೆ ಬೇರೆ ಪದ ಇಲ್ಲವೇ?

ಪರ್ಷಿಯನ್ನಿನಿಂದ ಬಂದ ‘ತಾಜಾ’ ಒಳ್ಳೆಯ ಪದ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕನ್ನಡದ ದಾರಿ ಬೇರೆ. ಯಾವುದು ಹೇಗೆ ಕೆಡುತ್ತದೆ ಎಂಬುದನ್ನು ಮೊದಲು ಹೆಸರಿಸಿ, ಆಮೇಲೆ ಅದು ಆಗಿಲ್ಲ ಎನ್ನುವುದು ಕನ್ನಡದ ಕ್ರಮ.

ಅನ್ನ, ಪಲ್ಯ, ಸಾಂಬಾರು ಹಳಸುತ್ತವೆ. ಹಾಲು ಒಡೆಯುತ್ತದೆ. ಮೊಸರು ಹುಳಿಯಾಗುತ್ತದೆ. ಕೊಬ್ಬರಿ, ಕಡಲೆಕಾಯಿ ಬೀಜ, ಎಣ್ಣೆ, ತುಪ್ಪ ಕಮಟಾಗುತ್ತವೆ. ಹಿಟ್ಟು ರವೆಗಳು ಮುಗ್ಗುತ್ತವೆ. ಉಪ್ಪಿನಕಾಯಿಗೂ ಬ್ರೆಡ್ಡಿಗೂ ಬೂಷ್ಟು ಹಿಡಿಯುತ್ತದೆ. ಅಕ್ಕಿಗೆ ಹುಳು ಬೀಳುತ್ತದೆ, ಬದನೆಕಾಯಿ ಹುಳುಕಾಗುತ್ತದೆ, ಹಣ್ಣು ಕೊಳೆಯುತ್ತದೆ, ಸೊಪ್ಪು ಬಾಡುತ್ತದೆ, ಚಕ್ಕುಲಿ ಮೆತ್ತಗಾಗುತ್ತದೆ. ‘ಕೊಬ್ಬರಿ ಹಳಸಿದೆ’ ಎಂದರೆ ಅಡುಗೆ ಗೊತ್ತಿರುವ ಯಾರಾದರೂ ತಲೆ ಎತ್ತಿ ನೋಡುತ್ತಾರೆ. ಮೂಗಿಗೂ ಈ ಪದಗಳಿಗೂ ನೇರ ಸಂಬಂಧ. ಕಮಟು ವಾಸನೆ ಎಂದ ಕೂಡಲೇ ಹಳೆಯ ಎಣ್ಣೆಯ ಡಬ್ಬಿ ತೆರೆದಂತಾಗುತ್ತದೆ, ಮುಗ್ಗಲು ಎಂದರೆ ಮಳೆಗಾಲದ ಹಿಟ್ಟಿನ ಡಬ್ಬಿ.

ಆದ್ದರಿಂದ ಬಾಡದ ಹೂ, ಹುಳುಕಿಲ್ಲದ ಕಾಯಿ, ಕಮಟಿಲ್ಲದ ತುಪ್ಪ. ಅನುವಾದಕರು ‘ಕೆಡದಿರುವ’ ಎಂಬ ಒಂದೇ ಅರ್ಥಕ್ಕೆ ಒಂದೇ ಪದ ಹುಡುಕಿ ಸೋಲುವುದನ್ನು ಕಂಡಿದ್ದೇನೆ. ನಿಷೇಧರೂಪದ ಈ ‘ಅದ’ ಪ್ರತ್ಯಯವನ್ನು ನಂಬಿ, ಬಾಡದ, ಮಾಸದ, ಕುಂದದ, ಕಂದದ, ಮುಕ್ಕಾಗದ ಎಂದು ಅದು ಕೈ ಹಿಡಿದು ನಡೆಸುತ್ತದೆ.

‘ತಂಗಳು’ ಬಗ್ಗೆ ಒಂದು ವಿನಂತಿ. ತಂಗಳು ಎಂದರೆ ಹಿಂದಿನ ಹೊತ್ತಿನದು, ಕೆಟ್ಟದ್ದಲ್ಲ. ತಂಗಳನ್ನಕ್ಕೆ ಮಜ್ಜಿಗೆ, ಈರುಳ್ಳಿ ಸೇರಿಸಿ ಹೊಲಕ್ಕೆ ಹೋದ ರೈತರು, ತಂಗಳ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ಶಾಲೆಗೆ ಹೋದ ಮಕ್ಕಳು ಈ ನಾಡಿನಲ್ಲಿ ಲಕ್ಷಾಂತರ. ತಂಗಳಿಗೂ ಹಳಸಿದ್ದಕ್ಕೂ ಒಂದೇ ಪದ ಬಳಸಿದರೆ ಅವರ ಊಟಕ್ಕೆ ಅವಮಾನ.

ಬೆರಕೆ, ಕಲಬೆರಕೆ: ಎರಡೂ ಕೆಟ್ಟವೇ?

ಮೋಸದ ಬೆರಕೆ ಕಲಬೆರಕೆ. ಬೆರಕೆಯಲ್ಲಿ ಮೋಸವಿಲ್ಲ. ಕೋಲಾರ, ತುಮಕೂರು ಕಡೆಯ ಬೆರಕೆಸೊಪ್ಪಿನ ಸಾರು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೊಲದ ಬದುವಿನಲ್ಲಿ ಮಳೆಗೆ ತಾನಾಗಿ ಎದ್ದ ಅಣ್ಣೆಸೊಪ್ಪು, ಗೋಣಿಸೊಪ್ಪು, ದಗ್ಗಲಸೊಪ್ಪುಗಳನ್ನೆಲ್ಲ ಸೇರಿಸಿದಾಗಲೇ ಆ ರುಚಿ.

ಮನುಷ್ಯರ ಕೈ ತಾಗದ ಕಾಡಿಗೆ ಏನೆನ್ನಬೇಕು? ‘ಕನ್ಯಾ ಅರಣ್ಯ’ ಸರಿಯೇ?

ದಯವಿಟ್ಟು ಬೇಡ. ಕಾಡನ್ನು ಹೆಣ್ಣಾಗಿಸಿ, ಅವಳ ಕನ್ಯತ್ವವನ್ನು ಅಳೆಯುವ ಆ ಮಾತು ನಮ್ಮದಲ್ಲ. ‘ಕೊಡಲಿ ಕಾಣದ ಕಾಡು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಉಳದ ನೆಲಕ್ಕೆ ‘ಬೀಳು’ ಎನ್ನುವಾಗ ಎಚ್ಚರ: ಬೀಳು ಬಿಟ್ಟ ಹೊಲ ಒಂದು ಕಾಲಕ್ಕೆ ಉಳುಮೆ ಕಂಡದ್ದು.

ಇನ್ನೊಂದು ಮಾತು. ನಮ್ಮಲ್ಲಿ ಉಳಿದುಬಂದ ಎಷ್ಟೋ ಕಾಡುಗಳು ಜನರಿಲ್ಲದ್ದರಿಂದ ಉಳಿದವಲ್ಲ, ಜನ ಕಾದದ್ದರಿಂದ ಉಳಿದವು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಸೊರಬ, ಶಿರಸಿ ಕಡೆಯ ಕಾನುಗಳಲ್ಲಿ ಜನ ಮೆಣಸು, ಜೇನು, ಉಪ್ಪಾಗೆ ಎಂಬ ಹುಳಿಹಣ್ಣು ಸಂಗ್ರಹಿಸುತ್ತಲೇ ಮರಗಳನ್ನು ಉಳಿಸಿಕೊಂಡರು. ಅಂಥ ಜಾಗವನ್ನು ‘ಅಸ್ಪರ್ಶಿತ’ ಎಂದು ಬರೆದರೆ ಕಾದವರನ್ನು ಅಳಿಸಿದಂತೆ. ದೇವರಕಾಡು, ಕಾನು ಎಂಬ ಹೆಸರುಗಳನ್ನೇ ಬಳಸಿ.

ನಡತೆಯ ಶುದ್ಧಿಗೆ ಯಾವ ಮಾತು?

‘ಕೈ, ಬಾಯಿ, ಕಚ್ಚೆ ಶುದ್ಧವಾಗಿರಬೇಕು’ ಎಂಬ ಹಿರಿಯರ ಮಾತಿಗಿಂತ ಚೊಕ್ಕವಾದದ್ದು ನನಗೆ ಕಂಡಿಲ್ಲ. ಕದಿಯದ, ಲಂಚ ಮುಟ್ಟದ ಕೈ, ಸುಳ್ಳು ಚಾಡಿ ಆಡದ ಬಾಯಿ, ಹಾದಿ ತಪ್ಪದ ಕಚ್ಚೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನ ಇದೇ ದಾರಿಯಲ್ಲಿ ನಡೆದು ‘ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ’ ಎನ್ನುತ್ತದೆ. ಅಲ್ಲಿ ನೀರಿನ ಮಾತೇ ಇಲ್ಲ, ಇಡೀ ಶುದ್ಧಿ ನಡತೆಯಲ್ಲಿದೆ. ವ್ಯಕ್ತಿಚಿತ್ರ ಬರೆಯುವವರು ನಿಷ್ಕಳಂಕ, ನಿಷ್ಕಲ್ಮಶ, ಶುದ್ಧಹಸ್ತ ಪದಗಳನ್ನು ಬಳಸುತ್ತಾರೆ. ಚಾರಿತ್ರ್ಯಕ್ಕೆ ನಿಷ್ಕಳಂಕ, ಮನಸ್ಸಿಗೆ ನಿಷ್ಕಲ್ಮಶ, ಹಣದ ವ್ಯವಹಾರಕ್ಕೆ ಶುದ್ಧಹಸ್ತ. ನ್ಯಾಯಾಲಯ ಬಿಡುಗಡೆ ಮಾಡಿದವರಿಗೆ ಸಲ್ಲುವ ಪದ ‘ನಿರ್ದೋಷಿ’ ಮಾತ್ರ.

ಊರು ಗುಡಿಸುವವರನ್ನು ಏನೆಂದು ಕರೆಯಬೇಕು?

ಪೌರಕಾರ್ಮಿಕರು. ಕರ್ನಾಟಕದಲ್ಲಿ ಈ ಪದ ನೆಲೆಯೂರಿದೆ, ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ಜಾಡಮಾಲಿ ಮುಂತಾದ ಹಳೆಯ ಹೆಸರುಗಳು ಬೇಡ. ‘ಕಸದವರು ಬಂದರು’ ಎಂದು ಮನೆಗಳಲ್ಲಿ ಕೂಗುವುದನ್ನು ಕೇಳಿದಾಗಲೆಲ್ಲ ಮನಸ್ಸು ನೋಯುತ್ತದೆ. ಕಸ ನಮ್ಮದು, ಅದನ್ನು ಒಯ್ಯುವವರು ಅವರು. ಮಲ ಹೊರುವ ಕೆಲಸಕ್ಕೆ ಯಾರನ್ನೂ ನೇಮಿಸಬಾರದು ಎಂಬ ಕಾನೂನು 2013ರಲ್ಲಿ ಇನ್ನಷ್ಟು ಬಿಗಿಯಾಗಿದೆ. ಹಾಗಿದ್ದೂ ಮಲಗುಂಡಿಯಲ್ಲಿ ಇಳಿದವರು ಸತ್ತ ಸುದ್ದಿ ಬರುತ್ತಲೇ ಇದೆ. ಅಂಥ ವರದಿಯಲ್ಲಿ ‘ಸ್ವಚ್ಛತಾ ಕಾರ್ಯದ ವೇಳೆ ಅವಘಡ’ ಎಂದು ಬರೆಯುವುದು ಮುಚ್ಚಿಡುವ ಮಾತು. ಮಲಗುಂಡಿಗೆ ಇಳಿಸಿದರು ಎಂದೇ ಬರೆಯಿರಿ.

‘ಪಾವಿತ್ರ್ಯತೆ’ ತಪ್ಪೇ?

ತಪ್ಪು. ಪವಿತ್ರದಿಂದ ಪಾವಿತ್ರ್ಯ ಅಥವಾ ಪವಿತ್ರತೆ, ಎರಡರಲ್ಲಿ ಒಂದು. ‘ನೈರ್ಮಲ್ಯತೆ’, ‘ಶುಚಿತ್ವತೆ’ಗಳಿಗೂ ಇದೇ ಮಾತು, ನೈರ್ಮಲ್ಯ, ಶುಚಿತ್ವ ಎಂದರೆ ಸಾಕು. ‘ಸ್ವಚ್ಛ’ದಲ್ಲಿ ಚಕಾರದ ಕೆಳಗೆ ಛಕಾರ, ‘ಶುದ್ಧ’ದಲ್ಲಿ ದಕಾರದ ಕೆಳಗೆ ಧಕಾರ. ಫಲಕ ಬರೆಯುವವರು ಇದನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯಲ್ಲಿ ಅಂಟಿಸಿಕೊಂಡರೆ ಒಳ್ಳೆಯದು.

ಇಷ್ಟೆಲ್ಲ ಹೇಳುವ ನೀವು ಶುದ್ಧ ಕನ್ನಡದ ಪರವೇ?

ಒಳ್ಳೆಯ ಕನ್ನಡದ ಪರ. ಹದಿಮೂರನೆಯ ಶತಮಾನದಲ್ಲಿ ಅಂಡಯ್ಯ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ‘ಕಬ್ಬಿಗರ ಕಾವ’ ಬರೆದ. ದೊಡ್ಡ ಸಾಹಸ ಅದು. ಅವನೂ ಸಂಸ್ಕೃತದಿಂದ ಬಂದು ಕನ್ನಡದ ಬಾಯಲ್ಲಿ ಸವೆದ ತದ್ಭವಗಳನ್ನು ಹೊರಗಿಡಲಿಲ್ಲ. ನಾವು ದಿನವೂ ಆಡುವ ‘ಸುದ್ದಿ’ ಸಂಸ್ಕೃತದ ‘ಶುದ್ಧಿ’ಯ ತದ್ಭವ. ಕೈ ತೊಳೆಯುವ ಸಾಬೂನು, ಬರೆಯುವ ಮೇಜು, ನಡೆಯುವ ರಸ್ತೆ ಎಲ್ಲವೂ ಹೊರಗಿನಿಂದ ಬಂದ ಪದಗಳೇ, ಇಂದು ಅವು ನಮ್ಮವು. ನನ್ನ ತಕರಾರು ಹೊರಗಿನಿಂದ ಬಂದ ಪದಗಳ ಮೇಲಲ್ಲ. ಕೇರು, ಜಾಲಿಸು, ಬೆಳಗು, ಹಸನು, ಕಮಟು, ಮುಗ್ಗಲು ಇಂಥ ಪದಗಳನ್ನು ನಾವಾಗಿಯೇ ಕೈಬಿಡುತ್ತಿರುವುದರ ಮೇಲೆ. ಅವು ಹೋದರೆ ಅವುಗಳ ಜಾಗಕ್ಕೆ ಬರುವುದು ಸಂಸ್ಕೃತವೋ ಇಂಗ್ಲಿಷೋ ಎಂಬುದು ಆಮೇಲಿನ ಮಾತು.

ಮಗುವಿಗೆ ಈ ಅರ್ಥದ ಹೆಸರಿಡಬೇಕು. ಯಾವುದು ಒಳ್ಳೆಯದು?

ಹೆಣ್ಣುಮಗುವಿಗೆ ನಿರ್ಮಲಾ, ವಿಮಲಾ, ಅಮಲಾ, ಪವಿತ್ರಾ, ಪಾವನಾ, ಶುಭ್ರಾ. ಗಂಡುಮಗುವಿಗೆ ಪುನೀತ, ವಿಮಲ, ಪಾವನ. ನಿರ್ಮಲ, ವಿಮಲ, ಅಮಲ ಮೂರೂ ‘ಮಲ ಇಲ್ಲದ’ ಎಂದೇ ಹೇಳುತ್ತವೆ. ‘ಪುನೀತ’ ಎಂದರೆ ಪವಿತ್ರಗೊಂಡವನು. ‘ಪವಿತ್ರ’ ಎಂಬುದು ಕರ್ಮಗಳಲ್ಲಿ ಬೆರಳಿಗೆ ಹಾಕುವ ದರ್ಭೆಯ ಉಂಗುರದ ಹೆಸರೂ ಹೌದು. ಅಮಲಾ ಎಂಬ ಹೆಸರನ್ನು ಆರಿಸುವವರಿಗೆ ಒಂದೇ ಎಚ್ಚರಿಕೆ: ಕನ್ನಡದಲ್ಲಿ ‘ಅಮಲು’ ಎಂದರೆ ಮತ್ತು, ನಶೆ. ಅದು ಬೇರೆಯೇ ಮೂಲದ ಪದವಾದರೂ ಶಾಲೆಯಲ್ಲಿ ಗೆಳೆಯರು ಆ ವ್ಯತ್ಯಾಸಕ್ಕೆ ಕಾಯುವುದಿಲ್ಲ.